ಖಾಕಿ ತಪ್ಪು ಮಾಡಿದ್ರೆ ಯಾರ ಹತ್ರ ಹೋಗೋದು? ಹಾಡಿ, ಪೋಡುಗಳ (ಆದಿವಾಸಿ ಊರುಗಳ) ಸುತ್ತಮುತ್ತಲಿಂದ ಬಂದ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರ, ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು, ಪೊಲೀಸು ಮತ್ತೆ ಆದಿವಾಸಿಗಳು. ಹೋದ ಸಂಚಿಕೆಯಲ್ಲಿ ಬೇರೇನೋ ಹೇಳೋವಾಗ ವಾಚಾತಿ ಕೇಸಲ್ಲಿ 269 ಸರ್ಕಾರಿ ನೌಕರರು ತಪ್ಪಿತಸ್ಥರು ಅಂತ ಕೋರ್ಟು ಹೇಳಿದ್ದನ್ನ ಒಂದೇ ಸಾಲಲ್ಲಿ ಬರ್ದಿದ್ದೆ, ಅದನ್ನ ಹಿಡ್ಕೊಂಡು ಇಷ್ಟು ಜನ ಬರೀತಾರೆ ಅಂದ್ಕೊಂಡಿರ್ಲಿಲ್ಲ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದಾರೆ, ಹಾಗಾಗಿ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ: ಮೇಡಂ, 269 ಜನರಲ್ಲಿ ಒಬ್ರನ್ನೂ ಬಿಡದೆ ಎಲ್ಲರೂ ತಪ್ಪಿತಸ್ಥರಾ? ನಂಬೋಕೇ ಆಗ್ಲಿಲ್ಲ. ನಮ್ಮ ಕ್ಲಾಸಲ್ಲಿ ಯಾರೂ ಈ ಕೇಸ್ ಹೆಸರೇ ಕೇಳಿಲ್ಲ. ಅಲ್ಲಿ ಏನಾಗಿತ್ತು ಸ್ವಲ್ಪ ಬಿಡಿಸಿ ಹೇಳಿ. (ಕಾನೂನು ವಿದ್ಯಾರ್ಥಿ, ಚಾಮರಾಜನಗರ)

ಉತ್ತರ: ಹೌದು, ಎಲ್ಲರೂ. ವಾಚಾತಿ ಇರೋದು ತಮಿಳುನಾಡಿನ ಧರ್ಮಪುರಿ ಜಿಲ್ಲೆ ಹರೂರು ಕಡೆ, ಸಿತ್ತೇರಿ ಬೆಟ್ಟದ ಬುಡದಲ್ಲಿ. ಊರಲ್ಲಿ ಹೆಚ್ಚಿನವರು ಮಲಯಾಳಿ ಬುಡಕಟ್ಟಿನವರು (ಕೇರಳದವರಲ್ಲ, ಅಲ್ಲೇ ಬೆಟ್ಟದ ಜನ). 1992ರ ಜೂನ್ 20, ಗಂಧದ ಮರ ಬಚ್ಚಿಟ್ಟಿದೀರ ಅಂತ ಹೇಳಿ ಅರಣ್ಯ ಇಲಾಖೆ, ಪೊಲೀಸ್, ರೆವಿನ್ಯೂ ಮೂರೂ ಇಲಾಖೆಯವರು ಸೇರಿ ಊರಿಗೆ ನುಗ್ಗಿದ್ರು. ಆಮೇಲೆ ಸಿಬಿಐ ಆರೋಪಿಗಳನ್ನಾಗಿ ಮಾಡಿದ್ದು 155 ಅರಣ್ಯದವರು, 108 ಪೊಲೀಸರು, 6 ಜನ ರೆವಿನ್ಯೂದವರು, ಲೆಕ್ಕ ಹಾಕಿ ನೋಡಿ, ಒಂದು ಸಣ್ಣ ಊರಿನ ಮೇಲೆ ಅಷ್ಟು ಜನ. ಗಂಡಸರು ಸುಮಾರು ಜನ ಬೆಟ್ಟಕ್ಕೆ ಓಡಿ ಹೋಗಿದ್ರು, ಸಿಕ್ಕಿದ್ದು ಹೆಂಗಸರು, ಮಕ್ಕಳು, ವಯಸ್ಸಾದವರು. ಎಲ್ಲರನ್ನೂ ಎಳ್ಕೊಂಡು ಬಂದು ಊರಿನ ಆಲದ ಮರದ ಕೆಳಗೆ ಕೂರಿಸಿ ಹೊಡೆದ್ರು, ಅಲ್ಲಿಂದ 18 ಹೆಣ್ಮಕ್ಕಳನ್ನ ಬೇರೆ ಮಾಡಿ, ಬಚ್ಚಿಟ್ಟಿರೋ ಗಂಧ ತೋರ್ಸಿ ಅನ್ನೋ ನೆಪದಲ್ಲಿ ಕೆರೆ ಕಡೆ ಕರ್ಕೊಂಡು ಹೋಗಿ ಅತ್ಯಾಚಾರ ಮಾಡಿದ್ರು. ಆಮೇಲೆ ರಾತ್ರಿ ಹರೂರಿನ ಅರಣ್ಯ ಕಚೇರಿಲಿ ಕೂಡಿ ಹಾಕಿ, ಅಲ್ಲೂ ಹಿಂಸೆ ಕೊಟ್ಟು, ಹಸುಗೂಸಿದ್ದ ತಾಯಂದಿರ ಸಮೇತ ಸೇಲಂ ಜೈಲಿಗೆ ಹಾಕಿದ್ರು. ಊರಲ್ಲಿ ಮನೆ ಕೆಡವಿದ್ರು, ದವಸ ಹಾಳು ಮಾಡಿದ್ರು, ಕುಡಿಯೋ ನೀರಿನ ಬಾವಿ ಕೆಡಿಸಿದ್ರು.

ಸರ್ಕಾರ ಏನಂತು ಗೊತ್ತಾ, ಅಂಥದ್ದೇನೂ ಆಗೇ ಇಲ್ಲ ಅಂತು. ದೂರು ಕೊಡೋಕೆ ಹೋದ್ರೆ ಠಾಣೆಲಿ ತಗೊಳ್ಳಲಿಲ್ಲ, ಯಾಕಂದ್ರೆ ದೂರು ಇದ್ದಿದ್ದೇ ಅವರ ಮೇಲೆ. ಊರಿನವರ ಜೊತೆ ನಿಂತಿದ್ದು ತಮಿಳುನಾಡು ಬುಡಕಟ್ಟು ಜನರ ಸಂಘ, ಸಿಪಿಎಂ ಪಕ್ಷದವರು. ಎಸ್‌ಸಿ ಎಸ್‌ಟಿ ಆಯೋಗದ ಅಧಿಕಾರಿಯೊಬ್ಬರು ಅದೇ ವರ್ಷ ಊರಿಗೆ ಹೋಗಿ ನೋಡಿ, ಹೆಂಗಸರ ಹತ್ರ ಮಾತಾಡಿ, ನಡೆದಿದ್ದು ನಿಜ ಅಂತ ವರದಿ ಕೊಟ್ರು. ಸುಪ್ರೀಂ ಕೋರ್ಟು, ಹೈಕೋರ್ಟು ಸುತ್ತಿ, 1995ರಲ್ಲಿ ಮದ್ರಾಸ್ ಹೈಕೋರ್ಟು ಕೇಸನ್ನ ಸಿಬಿಐಗೆ ಕೊಡ್ತು. ಇಡೀ ಕೇಸಿನ ದಿಕ್ಕು ಬದಲಾಗಿದ್ದು ಇಲ್ಲೇ, ಇದನ್ನ ನೆನಪಿಟ್ಕೊಳಿ, ಮುಂದಿನ ಉತ್ತರಕ್ಕೆ ಬೇಕಾಗುತ್ತೆ. ಸಿಬಿಐ ಬಂದ ಮೇಲೆ ಗುರುತು ಹಿಡಿಯೋ ಪರೇಡ್ ಆಯ್ತು, ಆ ಹೆಣ್ಮಕ್ಕಳು ಸಾಲಲ್ಲಿ ನಿಂತ ಅಧಿಕಾರಿಗಳ ಮುಖ ನೋಡಿ, ಇವನೇ, ಇವನೇ ಅಂತ ಬೆಟ್ಟು ಮಾಡಿ ತೋರಿಸಿದ್ರು. ಯೋಚ್ನೆ ಮಾಡಿ, ಸ್ಕೂಲಿಗೆ ಹೋಗೋ ವಯಸ್ಸಿನ ಹುಡುಗಿನೂ ಅವರಲ್ಲಿ ಇದ್ಲು.

2011ರ ಸೆಪ್ಟೆಂಬರ್ 29ಕ್ಕೆ ಧರ್ಮಪುರಿ ಕೋರ್ಟು ತೀರ್ಪು ಕೊಡ್ತು. ಅಷ್ಟರಲ್ಲಿ 54 ಆರೋಪಿಗಳು ಸತ್ತೇ ಹೋಗಿದ್ರು, ಉಳಿದ 215 ಜನಕ್ಕೂ ಶಿಕ್ಷೆ ಆಯ್ತು, ಅದರಲ್ಲಿ 17 ಜನಕ್ಕೆ ಅತ್ಯಾಚಾರಕ್ಕೆ. ದೊಡ್ಡ ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಅಧಿಕಾರಿಗಳೂ ಆ ಪಟ್ಟಿಲಿ ಇದ್ರು. ಅವರು ಅಪೀಲು ಹೋದ್ರು, ಅದು ಮತ್ತೆ ಹನ್ನೆರಡು ವರ್ಷ ಎಳೀತು. 2023ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್‌ಮುರುಗನ್ ಅವರು ಖುದ್ದು ವಾಚಾತಿಗೆ ಹೋಗಿ ಜಾಗ ನೋಡ್ಕೊಂಡು ಬಂದ್ರು, ಅದೇ ಸೆಪ್ಟೆಂಬರ್ 29ಕ್ಕೆ ಎಲ್ಲಾ ಅಪೀಲೂ ವಜಾ ಮಾಡಿದ್ರು. 18 ಜನಕ್ಕೂ ತಲಾ 10 ಲಕ್ಷ ಪರಿಹಾರ, ಅದರಲ್ಲಿ ಅರ್ಧ ದುಡ್ಡನ್ನ ಅತ್ಯಾಚಾರ ಮಾಡಿದವರಿಂದಲೇ ವಸೂಲಿ ಮಾಡಿ ಅಂದ್ರು, ಆಗ ಇದ್ದ ಕಲೆಕ್ಟರ್, ಎಸ್‌ಪಿ, ಜಿಲ್ಲಾ ಅರಣ್ಯಾಧಿಕಾರಿ ಮೇಲೂ ಕ್ರಮ ತಗೊಳ್ಳಿ ಅಂದ್ರು. ಒಟ್ಟು 31 ವರ್ಷ. ಗೆದ್ದಿದ್ದು ನಿಜ, ಆದ್ರೆ ಹದಿಹರೆಯದಲ್ಲಿ ಶುರುವಾದ ಕೇಸು ಮುಗಿಯೋವಾಗ ಅವರಲ್ಲಿ ಕೆಲವರು ಅಜ್ಜಿ ಆಗೋ ವಯಸ್ಸಿಗೆ ಬಂದಿದ್ರು. ನಿಮ್ಮ ಕ್ಲಾಸಲ್ಲಿ ಪಾಠ ಮಾಡ್ಲಿ ಬಿಡ್ಲಿ, ನೀವು ಆ ತೀರ್ಪು ಹುಡುಕಿ ಪೂರ್ತಿ ಓದಿ.

ಪ್ರಶ್ನೆ: ವೀರಪ್ಪನ್ ಕಾಲದಲ್ಲಿ ನಮ್ಮ ಕಡೆ ಸೋಲಿಗರಿಗೆ, ಬೇರೆ ಹಳ್ಳಿಯವರಿಗೂ ವಿಶೇಷ ಕಾರ್ಯಪಡೆ, ಅಂದ್ರೆ ಎಸ್‌ಟಿಎಫ್‌ನವರು ಕೊಟ್ಟ ಕಾಟ ನಮ್ಮಪ್ಪ ಈಗಲೂ ಹೇಳ್ತಾರೆ. ಪಕ್ಕದ ರಾಜ್ಯದಲ್ಲಿ 215 ಜನಕ್ಕೆ ಶಿಕ್ಷೆ ಆಗುತ್ತೆ, ನಮ್ಮ ಮಾದಪ್ಪನ ಬೆಟ್ಟದಲ್ಲಿ ಆಗಿದ್ದಕ್ಕೆ ಒಬ್ಬರಿಗೂ ಯಾಕಿಲ್ಲ? (ಹನೂರು)

ಉತ್ತರ: ನಿಮ್ಮ ತಂದೆಯವರು ಹೇಳಿದ್ದನ್ನೆಲ್ಲಾ ದಯವಿಟ್ಟು ಬರೆದಿಡಿ, ಫೋನಲ್ಲಿ ರೆಕಾರ್ಡ್ ಆದ್ರೂ ಮಾಡಿ. ಆ ಕಾಲದ ಸಾಕ್ಷಿಗಳು ಒಬ್ಬೊಬ್ಬರೇ ಹೋಗ್ತಾ ಇದಾರೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳ್ತೀನಿ. 1993ರ ಏಪ್ರಿಲ್ 9ಕ್ಕೆ ಪಾಲಾರ್ ಹತ್ರ ವೀರಪ್ಪನ್ ನೆಲಬಾಂಬ್ ಇಟ್ಟು 22 ಜನರನ್ನ ಕೊಂದ, ಆಮೇಲೆ ಎರಡೂ ರಾಜ್ಯದ ಕಾರ್ಯಾಚರಣೆ ಜೋರಾಯ್ತು. ಕಾಡಿನ ಸುತ್ತ ಇರೋ ಊರು, ಪೋಡುಗಳ ಮೇಲೆ ಬಿತ್ತು ಅದರ ಏಟು. ಅವನಿಗೆ ಅಕ್ಕಿ ಕೊಟ್ರಿ, ಅವನು ಎಲ್ಲಿದಾನೆ ಹೇಳಿ ಅಂತ ಜನರನ್ನ ಎತ್ತಾಕೊಂಡು ಹೋಗಿ, ಮಲೆ ಮಹದೇಶ್ವರ ಬೆಟ್ಟದ ಕ್ಯಾಂಪಲ್ಲಿ, ಜನ ಅದನ್ನ ವರ್ಕ್‌ಶಾಪ್ ಅಂತಾನೇ ಕರೀತಿದ್ರು, ದಿನಗಟ್ಟಲೆ, ಕೆಲವರನ್ನ ತಿಂಗಳುಗಟ್ಟಲೆ ಇಟ್ಕೊಂಡು ಹೊಡೆದು, ಕರೆಂಟ್ ಶಾಕ್ ಕೊಟ್ಟಿದ್ರು ಅಂತ ಆಮೇಲೆ ಹತ್ತಾರು ಜನ ಸಾಕ್ಷಿ ಹೇಳಿದ್ರು. ಇನ್ನೊಂದು ಕಡೆ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ (ಭಯೋತ್ಪಾದನೆ ತಡೆಯೋಕೆ ಆಗ ಇದ್ದ ಕಾನೂನು) ಹಾಕಿ ಮೈಸೂರು ಜೈಲಲ್ಲಿಟ್ರು, ವರ್ಷಗಟ್ಟಲೆ ಜಾಮೀನಿಲ್ಲ. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುತೇಕರು ಖುಲಾಸೆ. ಸುಮ್ಮನೆ ಕಳ್ಕೊಂಡ ಆ ಏಳೆಂಟು ವರ್ಷ ಯಾರ ಲೆಕ್ಕಕ್ಕೂ ಬರ್ಲಿಲ್ಲ.

1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡ್ತು, ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅದರಲ್ಲಿದ್ರು. ವಿಚಾರಣೆ ಶುರುವಾಗಿ, ಕೋರ್ಟಿನ ತಡೆಯಾಜ್ಞೆ ಬಂದು ನಿಂತು, ಮತ್ತೆ ಶುರುವಾಗಿ, ವರದಿ ಕೈಗೆ ಬಂದಿದ್ದು 2003ರ ಕೊನೆಗೆ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸತ್ತ. ಸತ್ತ ಕೂಡಲೇ ತಮಿಳುನಾಡು ಸರ್ಕಾರ ಅಲ್ಲಿನ ಕಾರ್ಯಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ನಗದು, ಮನೆ ಸೈಟು, ಪ್ರಮೋಷನ್ ಘೋಷಣೆ ಮಾಡ್ತು. ಏಟು ತಿಂದವರಿಗೆ ಆಯೋಗ ಮಧ್ಯಂತರ ಪರಿಹಾರ ಅಂತ ಹೇಳಿದ್ದು 2007ರ ಜನವರಿಗೆ, ಎರಡೂ ರಾಜ್ಯ ಸೇರಿ 89 ಜನಕ್ಕೆ 2.80 ಕೋಟಿ.

ಅಲ್ಲಿಗೆ ಮುಗೀತು. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು: ವಾಚಾತಿಲಿ ತನಿಖೆ ಮಾಡಿದ್ದು ಹೊರಗಿನ ಸಂಸ್ಥೆ, ಎಫ್‌ಐಆರ್ ಆಯ್ತು, ಚಾರ್ಜ್‌ಶೀಟ್ ಆಯ್ತು, ಹೆಸರು ಹಿಡಿದು ಆರೋಪಿಗಳನ್ನ ಕಟಕಟೆಗೆ ತಂದ್ರು. ಮಾದಪ್ಪನ ಬೆಟ್ಟದ್ದು ಕೇಸೇ ಆಗ್ಲಿಲ್ಲ, ವಿಚಾರಣೆ ಆಯ್ತು ಅಷ್ಟೇ. ಮಾನವ ಹಕ್ಕು ಆಯೋಗಕ್ಕೆ ಶಿಫಾರಸು ಮಾಡೋ ಅಧಿಕಾರ ಇದೆ, ಯಾರನ್ನೂ ಜೈಲಿಗೆ ಕಳ್ಸೋ ಅಧಿಕಾರ ಇಲ್ಲ. ಹಿಂಸೆ ಆಗಿದೆ ಅಂತ ಒಪ್ಕೊಂಡು ದುಡ್ಡು ಕೊಟ್ರೆ, ಹಿಂಸೆ ಕೊಟ್ಟವರು ಯಾರು ಅನ್ನೋ ಪ್ರಶ್ನೆ ಎಲ್ಲಿಗೆ ಹೋಯ್ತು? ಯಾರೋ ಕೊಟ್ಟಿರ್ಲೇಬೇಕಲ್ವಾ. ಪರಿಹಾರ ತಗೊಂಡಿರೋ ಆ 89 ಜನರ ಹಿಂದೆ 89 ಎಫ್‌ಐಆರ್ ಇರ್ಬೇಕಿತ್ತು ಅಂತ ನಾನು ನಂಬಿದೀನಿ, ಇವತ್ತಿಗೂ ಹೇಳ್ತೀನಿ. ಪರಿಹಾರ ಬೇಡ ಅಂತಲ್ಲ, ಖಂಡಿತ ಬೇಕು, ಕೈಕಾಲು ಹೋದವರಿಗೆ ಅದೂ ತಡವಾಗೇ ಸಿಕ್ತು. ಆದ್ರೆ ಆ ದುಡ್ಡು ಸರ್ಕಾರದ ಖಜಾನೆದು, ಹೊಡೆದವರ ಜೇಬಿಂದ ಒಂದು ರೂಪಾಯಿ ಹೋಗಿಲ್ಲ.

ಪ್ರಶ್ನೆ: ನಮ್ಮ ಮಾವ ಪೊಲೀಸ್ ಇಲಾಖೆಲಿದ್ದವರು. ನೀವೆಲ್ಲಾ ಆದಿವಾಸಿಗಳ ಕಷ್ಟ ಮಾತ್ರ ಬರೀತೀರಿ, ವೀರಪ್ಪನ್ ಕೈಲಿ ಎಷ್ಟು ಪೊಲೀಸರು ಸತ್ರು, ಅವರ ಮನೆಯವರ ಗತಿ ಏನು ಅಂತ ಯಾಕೆ ಬರೆಯಲ್ಲ? ಬೇಜಾರಾಗಿ ಕೇಳ್ತಾ ಇದೀನಿ. (ದಾವಣಗೆರೆ)

ಉತ್ತರ: ನಿಮ್ಮ ಬೇಜಾರು ಅರ್ಥ ಆಗುತ್ತೆ ಅಮ್ಮ, ಕೇಳಿದ್ದು ಒಳ್ಳೇದಾಯ್ತು. 1992ರ ಆಗಸ್ಟ್ 14ಕ್ಕೆ ಮೀಣ್ಯಂ ಹತ್ರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಇಬ್ಬರನ್ನೂ ವೀರಪ್ಪನ್ ಹೊಂಚು ಹಾಕಿ ಕೊಂದ. 2000ದಲ್ಲಿ ರಾಜ್‌ಕುಮಾರ್ ಅವರನ್ನ ಅಪಹರಣ ಮಾಡಿ, ಟಾಡಾ ಕೈದಿಗಳನ್ನ ಬಿಡಿ ಅಂತ ಕೇಳಿದಾಗ ಸರ್ಕಾರ ಕೇಸ್ ವಾಪಸ್ ತಗೊಳ್ಳೋಕೆ ಹೊರಟಿತ್ತು, ಅದನ್ನ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿ ನಿಲ್ಲಿಸಿದವರು ಶಕೀಲ್ ಅವರ ತಂದೆ. ಇಡೀ ಕರ್ನಾಟಕ ಅಣ್ಣಾವ್ರು ವಾಪಸ್ ಬರ್ಲಿ ಅಂತ ಕಾಯ್ತಿದ್ದ ಹೊತ್ತಲ್ಲಿ ಮಗನನ್ನ ಕಳ್ಕೊಂಡ ಆ ಮನುಷ್ಯ ಒಬ್ಬರೇ ನಿಂತು ಕಾನೂನು ಕಾನೂನೇ ಅಂದ್ರಲ್ಲ, ಅವರ ಬಗ್ಗೆ ನನಗೆ ಬಹಳ ಗೌರವ. ಅದೇ ಕಾನೂನು ಕಾನೂನೇ ಅನ್ನೋ ಮಾತನ್ನ ನಾನು ಸೋಲಿಗರ ಪರವಾಗಿ ಹೇಳ್ತಾ ಇದೀನಿ, ಬೇರೇನಿಲ್ಲ.

ಇನ್ನೊಬ್ಬರನ್ನೂ ನೆನೀಬೇಕು, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ವೀರಪ್ಪನ್ ಹುಟ್ಟೂರು ಗೋಪಿನಾಥಂಗೇ ಹೋಗಿ, ಊರಿನವರಿಗೆ ಔಷಧಿ, ಮನೆ, ನೀರು ಅಂತ ಓಡಾಡಿ, ಮಾರಿಯಮ್ಮನ ಗುಡಿ ಕಟ್ಟೋಕೆ ನಿಂತು ಜನರ ನಂಬಿಕೆ ಗಳಿಸಿದ್ರು. 1991ರ ನವೆಂಬರಲ್ಲಿ ವೀರಪ್ಪನ್ ಅವರನ್ನ ಮೋಸದಿಂದ ಕರೆಸಿ ಕೊಂದ. ಊರಿನವರು ಇವತ್ತಿಗೂ ಅವರನ್ನ ದೇವರ ಥರ ನೆನೀತಾರೆ. ಕಳ್ಳನ ಊರಲ್ಲೇ ಜನ ಅವರ ಕಡೆ ಇದ್ರು. ಆಮೇಲೆ ಬಂದ ಕಾರ್ಯಾಚರಣೆ ಆ ನಂಬಿಕೆನೆಲ್ಲಾ ಹೊಡೆದು ಹಾಕ್ತು. ಹೊಡೆತಕ್ಕೆ ಹೆದರಿದ ಊರು ಪೊಲೀಸರಿಗೆ ಸುದ್ದಿ ಯಾಕೆ ಕೊಡುತ್ತೆ ಹೇಳಿ, ಅದರಿಂದ ನಷ್ಟ ಆಗಿದ್ದು ಕೆಳಗಿನ ಕಾನ್‌ಸ್ಟೇಬಲ್‌ಗೂ ಹೌದು.

ಪ್ರಶ್ನೆ: ನಾವು ಮೆಲ್ಬೋರ್ನಲ್ಲಿದ್ದೀವಿ. ಇಲ್ಲಿ ಪ್ರತಿ ಮೀಟಿಂಗ್ ಶುರುವಿಗೂ ಈ ನೆಲದ ಮೂಲ ಜನರಿಗೆ ಗೌರವ ಸಲ್ಲಿಸ್ತೀವಿ ಅಂತ ಹೇಳ್ತಾರೆ, ಮಗಳ ಸ್ಕೂಲಲ್ಲೂ. ಆದ್ರೆ ನ್ಯೂಸಲ್ಲಿ ಅಬಾರಿಜಿನಲ್ ಜನ ಪೊಲೀಸ್ ಕಸ್ಟಡಿಲಿ ಸತ್ರು ಅಂತ ಬರ್ತಾನೇ ಇರುತ್ತೆ. ಇಲ್ಲಿನ ವ್ಯವಸ್ಥೆ ನಮ್ಮಲ್ಲಿಗಿಂತ ಎಷ್ಟೋ ಮೇಲು ಅಲ್ವಾ, ಆದ್ರೂ ಯಾಕೆ? (ಮೆಲ್ಬೋರ್ನ್)

ಉತ್ತರ: ವರದಿ ಬರೆಯೋದ್ರಲ್ಲಿ ಮೇಲು, ಅದನ್ನ ಒಪ್ತೀನಿ. 1987ರಲ್ಲಿ ಅಲ್ಲಿ ರಾಯಲ್ ಕಮಿಷನ್ (ಸರ್ಕಾರ ನೇಮಿಸೋ ದೊಡ್ಡ ತನಿಖಾ ಆಯೋಗ) ಕೂತ್ಕೊಂಡು, 1980ರಿಂದ 89ರವರೆಗಿನ 99 ಸಾವುಗಳನ್ನ ಒಂದೊಂದಾಗಿ ತನಿಖೆ ಮಾಡಿ, 1991ರಲ್ಲಿ 339 ಶಿಫಾರಸು ಕೊಡ್ತು. ಅವರು ಕಂಡ್ಕೊಂಡಿದ್ದು ಏನು ಅಂದ್ರೆ, ಒಳಗೆ ಹೋದ ಮೇಲೆ ಅಬಾರಿಜಿನಲ್ ಜನ ಬೇರೆಯವರಿಗಿಂತ ಹೆಚ್ಚು ಸಾಯ್ತಾರೆ ಅಂತಲ್ಲ, ಒಳಗೆ ಹಾಕೋದೇ ವಿಪರೀತ ಹೆಚ್ಚು ಅಂತ. ಈಗಲೂ ಅಷ್ಟೇ, ದೇಶದ ಜನಸಂಖ್ಯೆಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದವರು ಜೈಲಲ್ಲಿ ಮೂರರಲ್ಲಿ ಒಂದು ಪಾಲು ಇದಾರೆ. ಆ ವರದಿ ಬಂದಮೇಲೆ ಸತ್ತವರ ಸಂಖ್ಯೆ 500 ದಾಟಿ ಹೋಗಿದೆ. ಇಷ್ಟು ಸಾವಲ್ಲಿ ಒಬ್ಬ ಪೊಲೀಸನ ಮೇಲೂ ಕೊಲೆ ಸಾಬೀತಾಗಿಲ್ಲ.

ನಿಮ್ಮ ವಿಕ್ಟೋರಿಯಾದ್ದೇ ಒಂದು ಉದಾಹರಣೆ ನೋಡಿ. ಕುಡಿದು ಬೀದಿಲಿದ್ರು ಅನ್ನೋ ಒಂದೇ ಕಾರಣಕ್ಕೆ ಅರೆಸ್ಟ್ ಮಾಡೋ ಕಾನೂನು ತೆಗೀರಿ ಅಂತ 1991ರಲ್ಲೇ ಕಮಿಷನ್ ಹೇಳಿತ್ತು. ತೆಗೀಲಿಲ್ಲ. 2017ರ ಡಿಸೆಂಬರ್‌ನಲ್ಲಿ ಯೋರ್ಟಾ ಯೋರ್ಟಾ ಸಮುದಾಯದ 55 ವರ್ಷದ ಹೆಂಗಸೊಬ್ಬರು ರೈಲಲ್ಲಿ ನಿದ್ದೆ ಹೋಗಿದ್ರು, ಟಿಕೆಟ್ ನೋಡೋರು ಪೊಲೀಸರನ್ನ ಕರೆಸಿದ್ರು, ಕಾಸಲ್‌ಮೇನ್‌ನಲ್ಲಿ ಇಳಿಸಿ, ಕುಡಿದಿದಾರೆ ಅಂತ ಸೆಲ್ಲಿಗೆ ಹಾಕಿದ್ರು. ಒಳಗೆ ಬಿದ್ದು ತಲೆಗೆ ಏಟಾಯ್ತು. ಅರ್ಧ ಗಂಟೆಗೊಂದ್ಸಲ ಹೋಗಿ ನೋಡಬೇಕಾದವರು ಸರಿಯಾಗಿ ನೋಡ್ಲಿಲ್ಲ, ಆ ತಾಯಿ ಆಸ್ಪತ್ರೆಲಿ ತೀರ್ಕೊಂಡ್ರು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಇದರಲ್ಲಿ ಅಪರಾಧ ಆಗಿರಬಹುದು ಅಂತ ಹೇಳಿ ಕಳಿಸಿದ್ರೂ ಕೇಸ್ ಹಾಕ್ಲಿಲ್ಲ. ಅವರ ಮಕ್ಕಳು ಬಿಡದೆ ಹೋರಾಡಿದ ಮೇಲೆ, 2023ರ ನವೆಂಬರಿಂದ ಆ ಕಾನೂನು ಹೋಯ್ತು. ಹೇಳಿದ್ದನ್ನ ಮಾಡೋಕೆ 32 ವರ್ಷ.

ಆದ್ರೆ ಕಲಿಯೋದೂ ಅಲ್ಲಿದೆ. ನ್ಯೂ ಸೌತ್ ವೇಲ್ಸಲ್ಲಿ 2000ದಿಂದ ಒಂದು ನಿಯಮ ಇದೆ, ಅಬಾರಿಜಿನಲ್ ವ್ಯಕ್ತಿನ ಅರೆಸ್ಟ್ ಮಾಡಿದ್ರೆ ಪೊಲೀಸರು ಅಬಾರಿಜಿನಲ್ ಲೀಗಲ್ ಸರ್ವಿಸ್‌ಗೆ ಫೋನ್ ಮಾಡ್ಲೇಬೇಕು, ರಾತ್ರಿ ಎರಡು ಗಂಟೆ ಆದ್ರೂ ಸರಿ, ಆ ಕಡೆ ವಕೀಲರು ಫೋನ್ ಎತ್ತಿ ಒಳಗಿರೋರ ಜೊತೆ ಮಾತಾಡಿ, ಹುಷಾರಿದೀರಾ, ಔಷಧಿ ಏನಾದ್ರೂ ಬೇಕಾ ಅಂತ ಕೇಳ್ತಾರೆ. ಆ ನಿಯಮ ಬಂದಮೇಲೆ 2016ರವರೆಗೂ ಆ ರಾಜ್ಯದ ಪೊಲೀಸ್ ಸೆಲ್ಲಲ್ಲಿ ಒಬ್ಬ ಅಬಾರಿಜಿನಲ್ ವ್ಯಕ್ತಿಯೂ ಸಾಯ್ಲಿಲ್ಲ. 2016ರಲ್ಲಿ ಒಬ್ಬ ಹೆಂಗಸು ಸತ್ರು, ಅವರ ವಿಷಯದಲ್ಲಿ ಫೋನ್ ಹೋಗಿರ್ಲಿಲ್ಲ, ಕುಡಿದವರನ್ನ ಇಟ್ಕೊಂಡಿರೋದು ಅರೆಸ್ಟ್ ಅಲ್ಲ, ಹಾಗಾಗಿ ನಿಯಮ ಅನ್ವಯ ಆಗಲ್ಲ ಅನ್ನೋ ಕಾರಣಕ್ಕೆ. ಹೊರಗಿನವರೊಬ್ಬರ ಕಣ್ಣು ಒಳಗಿದ್ರೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ. ನಮ್ಮ ಎಚ್.ಡಿ. ಕೋಟೆ, ಹುಣಸೂರು, ಚಾಮರಾಜನಗರ, ಕೊಡಗಿನ ಠಾಣೆಗಳಿಗೆ ನಾಳೆಯಿಂದಲೇ ಇಂಥ ನಿಯಮ ತರಬಹುದು, ಫೋನ್ ಖರ್ಚು ಬಿಟ್ರೆ ಇನ್ನೇನೂ ಬೇಕಿಲ್ಲ. ನೀವು ಅಲ್ಲಿರೋರು, ಅದು ಹೇಗೆ ನಡೆಯುತ್ತೆ ಅಂತ ವಿವರವಾಗಿ ತಿಳ್ಕೊಂಡು ನಮಗೆ ಬರೆದ್ರೆ ದೊಡ್ಡ ಉಪಕಾರ.

ಪ್ರಶ್ನೆ: ಪೊಲೀಸರ ಮೇಲೆ ಕೇಸ್ ಹಾಕೋಕೆ ಸರ್ಕಾರದ ಪರ್ಮಿಷನ್ ಬೇಕಂತೆ, ಹೌದಾ? (ತುಮಕೂರು)

ಉತ್ತರ: ಎಫ್‌ಐಆರ್ ಹಾಕೋಕೆ, ತನಿಖೆ ಮಾಡೋಕೆ ಬೇಡ. ಕೋರ್ಟು ಕೇಸನ್ನ ವಿಚಾರಣೆಗೆ ತಗೊಳ್ಳೋ ಹಂತದಲ್ಲಿ ಬೇಕಾಗಬಹುದು, ಡ್ಯೂಟಿ ಮಾಡೋವಾಗ ಆದ ಕೆಲಸ ಅಂತ ಇದ್ರೆ. ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿರೋ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಪ್ರಕಾರ ಸರ್ಕಾರ 120 ದಿನದಲ್ಲಿ ಹೇಳ್ಬೇಕು, ಹೇಳ್ಲಿಲ್ಲ ಅಂದ್ರೆ ಅನುಮತಿ ಕೊಟ್ಟ ಹಾಗೇ ಲೆಕ್ಕ, ಇದು ಒಳ್ಳೆ ಬದಲಾವಣೆ. ಅತ್ಯಾಚಾರದಂಥ ಅಪರಾಧಕ್ಕೆ ಅನುಮತಿ ಬೇಕೇ ಇಲ್ಲ. ಆದ್ರೆ 2020ರಲ್ಲಿ ಕರ್ನಾಟಕದ್ದೇ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು, ಪೊಲೀಸರು ಮಿತಿ ಮೀರಿದ್ರೂ ಆ ಕೆಲಸಕ್ಕೆ ಡ್ಯೂಟಿ ಜೊತೆ ಸಂಬಂಧ ಇದ್ರೆ ಅನುಮತಿ ಬೇಕು ಅಂದಿದೆ. ಲಾಕಪ್ಪಲ್ಲಿ ಹೊಡೆಯೋದು ಯಾವ ಡ್ಯೂಟಿ ಅಂತ ಕೋರ್ಟಲ್ಲಿ ವಾದ ಮಾಡೋದು ವಕೀಲರ ಕೆಲಸ, ಮಾಡ್ಲೇಬೇಕು.

ಪ್ರಶ್ನೆ: ನಾನು ಆಶ್ರಮ ಶಾಲೆ ಶಿಕ್ಷಕಿ. ಕಳ್ಳತನದ ಅನುಮಾನ ಅಂತ ಹಾಡಿ ಹುಡುಗರನ್ನ ಠಾಣೆಗೆ ಕರ್ಕೊಂಡು ಹೋಗ್ತಾರೆ, ಎರಡು ಮೂರು ದಿನ ಆದ್ಮೇಲೆ ಬಿಡ್ತಾರೆ, ಕೆಲವೊಮ್ಮೆ ಕೇಸ್ ಹಾಕ್ತಾರೆ. ಮನೆಯವರು ನನ್ನ ಹತ್ರ ಓಡಿ ಬರ್ತಾರೆ, ನನಗೂ ಭಯ, ಏನ್ ಮಾಡ್ಬೇಕು ಗೊತ್ತಾಗಲ್ಲ. (ಎಚ್.ಡಿ. ಕೋಟೆ ತಾಲೂಕು)

ಉತ್ತರ: ನೀವು ಭಯ ಇದ್ರೂ ಬರೆದಿದೀರಲ್ಲ, ಅದೇ ದೊಡ್ಡದು. ಮೊದಲು ಟೈಮ್ ಬರೆದಿಟ್ಕೊಳಿ. ಎಷ್ಟು ಗಂಟೆಗೆ, ಯಾವ ಗಾಡಿಲಿ, ಯಾರು ಬಂದು ಕರ್ಕೊಂಡು ಹೋದ್ರು, ನೋಡಿದವರು ಯಾರು, ಎಲ್ಲಾ ಒಂದು ಪೇಪರಲ್ಲಿ. ಯಾಕೆ ಅಂತ ಹೇಳ್ತೀನಿ. ಒಂದ್ಸಲ ಒಂದು ಠಾಣೆಲಿ ಒಬ್ಬ ಹುಡುಗನ ಅರೆಸ್ಟ್ ಮೆಮೊ ನೋಡಿದೆ, ಹೆಸರಿತ್ತು, ಸೆಕ್ಷನ್ ಇತ್ತು, ಕೆಳಗೆ ಅವನ ಹೆಬ್ಬೆಟ್ಟಿನ ಗುರುತು, ಅದರ ಶಾಯಿ ಇನ್ನೂ ಪೂರ್ತಿ ಒಣಗಿರ್ಲಿಲ್ಲ, ಆದ್ರೆ ಅರೆಸ್ಟ್ ಆದ ದಿನ, ಸಮಯ ಅನ್ನೋ ಜಾಗ ಖಾಲಿ. ಅವನನ್ನ ಕರ್ಕೊಂಡು ಬಂದಿದ್ದು ಹಿಂದಿನ ದಿನ ಸಂಜೆ. ಅರೆಸ್ಟ್ ಆದ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು ಅನ್ನೋ ನಿಯಮ ಎಲ್ಲರಿಗೂ ಗೊತ್ತು, ಆ ಖಾಲಿ ಜಾಗದಲ್ಲಿ ನಾಳೆಯ ಸಮಯ ಬರೆದ್ರೆ ನಿಯಮ ಮುರಿದ ಹಾಗೆ ಕಾಣೋದೇ ಇಲ್ಲ. ಅದಕ್ಕೇ ಹೊರಗಡೆ ಯಾರಾದ್ರೂ ಆ ಸಮಯ ಬರೆದಿಟ್ಟಿರ್ಬೇಕು, ಒಂದು ವಾಟ್ಸಾಪ್ ಮೆಸೇಜ್ ಸಾಕು, ಅದರಲ್ಲಿ ಟೈಮ್ ತಾನಾಗೇ ಬಿದ್ದಿರುತ್ತೆ.

ಆಮೇಲೆ ಠಾಣೆಗೆ ಒಬ್ಬರೇ ಹೋಗ್ಬೇಡಿ, ಮನೆಯವರು, ಹಾಡಿ ಯಜಮಾನರು, ಗ್ರಾಮ ಪಂಚಾಯ್ತಿ ಸದಸ್ಯರು ಯಾರನ್ನಾದ್ರೂ ಜೊತೆಗೆ ಕರ್ಕೊಳಿ. ಜೋರು ಮಾಡೋ ಅಗತ್ಯ ಇಲ್ಲ, ಸಾರ್, ಅರೆಸ್ಟ್ ಮಾಡಿದೀರಾ, ಇಲ್ವಾ ಅಂತ ಒಂದೇ ಪ್ರಶ್ನೆ ಕೇಳಿ. ಮಾಡಿದ್ರೆ ಅರೆಸ್ಟ್ ಮೆಮೊ ಇರ್ಬೇಕು, ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಸಹಿ ಹಾಕಿರ್ಬೇಕು, ಡಿ.ಕೆ. ಬಸು ಕೇಸಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು ಹೇಳಿದ್ದು, ಈಗ ಕಾನೂನಲ್ಲೇ ಸೇರಿದೆ. ಮಾಡಿಲ್ಲ ಅಂದ್ರೆ ಇಟ್ಕೊಳ್ಳೋ ಹಾಗಿಲ್ಲ, ಮನೆಗೆ ಕಳಿಸ್ಬೇಕು. ಹುಡುಗ 15 ವರ್ಷಕ್ಕಿಂತ ಚಿಕ್ಕವನಾಗಿದ್ರೆ, ಅಥವಾ ಹೆಂಗಸರಾಗಿದ್ರೆ ಸಾಕ್ಷಿ ಕೇಳೋಕೆ ಅಂತಾನೂ ಠಾಣೆಗೆ ಕರೆಸೋ ಹಾಗಿಲ್ಲ, ಅವರೇ ಮನೆಗೆ ಬರ್ಬೇಕು.

ಮುಖ್ಯವಾಗಿ ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಹಾಕ್ಬೇಡಿ ಅಂತ ಹಾಡಿಲಿ ಪ್ರತಿಯೊಬ್ಬರಿಗೂ ಹೇಳ್ಕೊಡಿ. ಪೊಲೀಸರ ಮುಂದೆ ತಪ್ಪೊಪ್ಕೊಂಡಿದ್ದು ಕೋರ್ಟಲ್ಲಿ ನಿಲ್ಲಲ್ಲ, ಆದ್ರೆ ಏನೋ ವಸ್ತು ಇವನಿಂದ ಸಿಕ್ತು ಅಂತ ಬರೆದ ಮಹಜರಿಗೆ ಆ ಹೆಬ್ಬೆಟ್ಟು ಬಳಸ್ಕೋತಾರೆ, ಆಗ ಕಷ್ಟ.

ಎಸ್‌ಟಿ ಅಂದ್ರೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರೆ, 15100ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಕೋರ್ಟ್ ಆವರಣದಲ್ಲೇ ಇರುತ್ತೆ. ಡಾಕ್ಟರ್ ಪರೀಕ್ಷೆ ಮಾಡ್ಸೋವಾಗ ಪೊಲೀಸರು ಪಕ್ಕದಲ್ಲೇ ನಿಂತಿರ್ತಾರೆ, ಹುಡುಗ ಬಾಯಿ ಬಿಡಲ್ಲ, ಅದಕ್ಕೆ ಮುಂಚೆನೇ ಅವನಿಗೆ ಧೈರ್ಯ ಹೇಳಿ, ಆ ರಿಪೋರ್ಟಿನ ಕಾಪಿ ಕೇಳೋ ಹಕ್ಕು ಅವನಿಗೆ, ಅವನು ಹೇಳಿದವರಿಗೂ ಇದೆ. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ಪೊಲೀಸರಿಂದ ಏನಾದ್ರೂ ತೊಂದರೆ ಆಯ್ತಾ ಅಂತ ಕೇಳ್ತಾರೆ, ಆಗ ಹೇಳ್ಳಿಲ್ಲ ಅಂದ್ರೆ ಆಮೇಲೆ ಹೇಳಿದ್ದನ್ನ ಬೇಗ ನಂಬಲ್ಲ. ಹಾಡಿ ಹುಡುಗರು ಕೋರ್ಟಲ್ಲಿ ತಲೆ ತಗ್ಗಿಸಿ ಎಲ್ಲದಕ್ಕೂ ಹ್ಞೂಂ ಅಂತಾರೆ, ನೀವು ಹೋಗಿ ಎದುರಿಗೆ ನಿಂತ್ರೆ, ಮುಖ ಪರಿಚಯ ಇರೋರು ಒಬ್ರು ಇದಾರೆ ಅಂತ ಮಾತಾಡ್ತಾರೆ.

ಹೊಡೆದಿದ್ರೆ ಅಥವಾ ಸುಳ್ಳು ಕೇಸ್ ಹಾಕಿದ್ರೆ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಇದೆ. ಸುಳ್ಳು ಕ್ರಿಮಿನಲ್ ಕೇಸ್ ಹಾಕೋದೇ ಅದರ 3ನೇ ಸೆಕ್ಷನ್ನಲ್ಲಿ ಅಪರಾಧ, ದೂರು ತಗೊಳ್ದೆ ಸುಮ್ಮನೆ ಕೂತ ಅಧಿಕಾರಿಗೆ 4ನೇ ಸೆಕ್ಷನ್ನಲ್ಲಿ ಆರು ತಿಂಗಳಿಂದ ಒಂದು ವರ್ಷ. ತನಿಖೆನ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡೋ ಹಾಗಿಲ್ಲ. ಅದೇ ಠಾಣೆಲಿ ತಗೊಳ್ಳಲ್ಲ ಅಂದ್ರೆ ಎಸ್‌ಪಿಗೆ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಒಂದು ಪ್ರತಿ, 14566 ಹೆಲ್ಪ್‌ಲೈನಿಗೂ ಹೇಳಿ. ಪೊಲೀಸ್ ದೂರು ಪ್ರಾಧಿಕಾರ ಅಂತಲೂ ಇದೆ, ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ನಮ್ಮ ರಾಜ್ಯದಲ್ಲಿ 2012ರಲ್ಲಿ ಕಾನೂನು ಮಾಡಿದ್ದು, ಕಸ್ಟಡಿ ಸಾವು, ತೀವ್ರ ಗಾಯದಂಥ ದೂರು ಅಲ್ಲಿಗೂ ಕೊಡಬಹುದು. ಮಾನವ ಹಕ್ಕು ಆಯೋಗಕ್ಕೆ ಹೋಗೋದಾದ್ರೆ ಒಂದು ವರ್ಷದ ಒಳಗೇ ಹೋಗ್ಬೇಕು, ಆಮೇಲೆ ತಗೊಳ್ಳಲ್ಲ.

ಇನ್ನೊಂದು, ಸಿಸಿಟಿವಿ. 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯ ಗೇಟು, ಲಾಕಪ್, ವರಾಂಡ ಎಲ್ಲಾ ಕಡೆ ಧ್ವನಿ ಸಮೇತ ಕ್ಯಾಮೆರಾ ಇರ್ಬೇಕು, 18 ತಿಂಗಳು ರೆಕಾರ್ಡಿಂಗ್ ಉಳಿಸ್ಬೇಕು ಅಂತ ಹೇಳಿದೆ. ಅದಕ್ಕೇ ಘಟನೆ ಆದ ವಾರದೊಳಗೇ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ದೃಶ್ಯ ಅಳಿಸದೆ ಉಳಿಸಿ ಅಂತ ಠಾಣೆಗೂ ಎಸ್‌ಪಿಗೂ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳಿ. ಕ್ಯಾಮೆರಾ ಕೆಟ್ಟಿತ್ತು ಅಂತ ಹೇಳಿದ್ರೆ, ಅದನ್ನೂ ಬರವಣಿಗೆಲೇ ಕೊಡಿ ಅಂತ ಕೇಳಿ.

ಪ್ರಶ್ನೆ: ಪೊಲೀಸ್ ಅಲ್ಲ, ಫಾರೆಸ್ಟ್‌ನವರು ಹಿಡ್ಕೊಂಡು ಹೋದ್ರೆ ಈ ನಿಯಮ ಎಲ್ಲಾ ಅನ್ವಯ ಆಗುತ್ತಾ? (ಪಿರಿಯಾಪಟ್ಟಣ)

ಉತ್ತರ: 24 ಗಂಟೆ, ಮನೆಯವರಿಗೆ ತಿಳಿಸೋದು, ಡಾಕ್ಟರ್, ವಕೀಲರು, ದೌರ್ಜನ್ಯ ಕಾಯ್ದೆ, ಎಲ್ಲಾ ಅವರಿಗೂ ಅಷ್ಟೇ. ವಾಚಾತಿಲಿ ಹೆಚ್ಚಿನ ಆರೋಪಿಗಳು ಅರಣ್ಯದವರೇ ಅನ್ನೋದು ಮರೀಬೇಡಿ. 2022ರ ಅಕ್ಟೋಬರಲ್ಲಿ ಎಚ್.ಡಿ. ಕೋಟೆ ಕಡೆ ಜಿಂಕೆ ಮಾಂಸದ ಆರೋಪದ ಮೇಲೆ ಹಿಡಿದ ಜೇನು ಕುರುಬ ಸಮುದಾಯದವರೊಬ್ಬರು ಅರಣ್ಯ ಇಲಾಖೆ ಕಸ್ಟಡಿಲಿ ಸತ್ತಾಗ ಅಲ್ಲಿನ ಸಿಬ್ಬಂದಿ ಮೇಲೆ ಕೊಲೆ ಕೇಸೇ ಆಯ್ತು. ತೊಂದರೆ ಇರೋದು ಒಂದೇ ಕಡೆ, ಅರಣ್ಯ ಕಚೇರಿಗಳು, ಆಂಟಿ ಪೋಚಿಂಗ್ (ಕಳ್ಳಬೇಟೆ ತಡೆ) ಕ್ಯಾಂಪುಗಳು ಕಾಡೊಳಗೆ ಇರ್ತವೆ, ಅಲ್ಲಿ ಕ್ಯಾಮೆರಾ ಇಲ್ಲ, ದಾರಿಲಿ ಹೋಗೋರು ಇಲ್ಲ, ಕೂಗಿದ್ರೂ ಯಾರಿಗೂ ಕೇಳಲ್ಲ. ಹಾಗಾಗಿ ಯಾರನ್ನಾದ್ರೂ ಫಾರೆಸ್ಟ್ ಜೀಪಲ್ಲಿ ಕರ್ಕೊಂಡು ಹೋದ್ರು ಅಂತ ಗೊತ್ತಾದ ಕೂಡಲೇ 112ಕ್ಕೆ ಫೋನ್ ಮಾಡಿ, ಹೆಸರು, ಗಾಡಿ ನಂಬರ್, ಹೋದ ದಿಕ್ಕು ಹೇಳಿ, ಆ ಕರೆ ದಾಖಲಾಗುತ್ತೆ. ಕಾನೂನು ಸೇವಾ ಸಮಿತಿಗೆ ಹೇಳೋದು ಅದಾದ ಮೇಲಿನ ಕೆಲಸ, ಮೊದಲು ಆ ಫೋನು.